ಗೋಷ್ಠಿಗೆ ಹಣವಿಲ್ಲ

ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಹುಟ್ಟೂರು. ಅದೇ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರೆಂದು ಪರಂಪರೆ ಹೇಳುತ್ತದೆ. ಇಷ್ಟು ಸಮೀಪದ ಊರುಗಳ ಇಬ್ಬರೂ ಎದುರುಬದುರಾದದ್ದು ದೂರದ ಕಲ್ಯಾಣದ ಗೋಷ್ಠಿಯಲ್ಲಿ. ಅಲ್ಲಮನ ಕಠಿಣ ಪ್ರಶ್ನೆಗಳಿಗೆ ಅಕ್ಕ ಕೊಟ್ಟ ಉತ್ತರಗಳನ್ನು ಶೂನ್ಯಸಂಪಾದನೆಕಾರರು ಸಂಕಲಿಸಿಟ್ಟರು. ಜನ ಒಂದೆಡೆ ಕುಳಿತು ಮಾತನಾಡದೆ ಹೋಗಿದ್ದರೆ ಆ ಸಂಪತ್ತು ಕನ್ನಡಕ್ಕೆ ದಕ್ಕುತ್ತಿರಲಿಲ್ಲ.

ಇಂದು ಉಡುತಡಿಯಲ್ಲಿ ಅಕ್ಕನ ಬೃಹತ್ ಪ್ರತಿಮೆ ನಿಂತಿದೆ. ಅದರ ಬಗ್ಗೆ ನಮಗೆ ಅಸಮಾಧಾನವಿಲ್ಲ. ಆದರೆ ಅಕ್ಕನ ವಚನಗಳನ್ನು ಶೋಧಿಸಿ, ಪಾಠಾಂತರ ನೋಡಿ, ಎಳೆಯರಿಗೆ ತಿಳಿಹೇಳಬೇಕಾದ ಸಂಸ್ಥೆಗಳ ಪಾಡೇನು? 1991ರಲ್ಲಿ ಹಂಪಿಯಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯಕ್ಕೆ 2020-21ರ ಸಾಲಿನಲ್ಲಿ ದೊರೆತ ಅಭಿವೃದ್ಧಿ ಅನುದಾನ 50 ಲಕ್ಷ ರೂಪಾಯಿಗೆ ಇಳಿಯಿತು. ಹಿಂದೆ ಅದು ಕೋಟಿಗಳಲ್ಲಿರುತ್ತಿತ್ತು. ಅದು ಕೊರೋನಾದ ವರ್ಷವೆಂದು ಸಮಾಧಾನಪಟ್ಟುಕೊಳ್ಳೋಣವೆಂದರೆ, ಆಮೇಲೆಯೂ ಸಂಶೋಧನಾ ವಿದ್ಯಾರ್ಥಿಗಳು ಸಹಾಯಧನಕ್ಕಾಗಿ ಪ್ರತಿಭಟಿಸಬೇಕಾಯಿತು; ವಿದ್ಯುತ್ ಬಿಲ್ಲೂ ಬಾಕಿ ಉಳಿಯಿತು. ಸಾಹಿತ್ಯ ಸಮ್ಮೇಳನಕ್ಕಾದರೋ, 2023ರಲ್ಲಿ ಹಾವೇರಿಗೂ 2024ರಲ್ಲಿ ಮಂಡ್ಯಕ್ಕೂ ಕೋಟಿಗಟ್ಟಲೆ ಹಣ ಬಂದಿತು. ಮೂರು ದಿನದ ಜಾತ್ರೆಗೆ ದೊರೆಯುವ ಉದಾರತೆ ವರ್ಷವಿಡೀ ನಡೆಯಬೇಕಾದ ಅಧ್ಯಯನಕ್ಕೆ ದೊರೆಯದು.

ಕತ್ತರಿ ಆಡುವಾಗ ಮೊದಲು ಸಿಕ್ಕಿಬೀಳುವುದು ವಿಚಾರ ಸಂಕಿರಣ, ಕಮ್ಮಟಗಳಂಥ ಸಣ್ಣ ಕೂಟ. ಉಪನ್ಯಾಸಕರ ಬಸ್ಸಿನ ಚಾರ್ಜು, ನಲವತ್ತು ಜನರ ಊಟ, ಖರ್ಚು ಇಷ್ಟೇ. ನಿಂತುಹೋದರೆ ಯಾರೂ ಗಲಾಟೆ ಮಾಡುವುದಿಲ್ಲ; ಆದ್ದರಿಂದಲೇ ಅದು ನಿಲ್ಲುತ್ತದೆ. ಸಿರಿವಂತ ಅಮೆರಿಕದಲ್ಲೂ 2025ರ ಏಪ್ರಿಲ್‌ನಲ್ಲಿ ಒಕ್ಕೂಟ ಸರಕಾರವು ರಾಜ್ಯಗಳ ಮಾನವಿಕ ಮಂಡಳಿಗಳ ಅನುದಾನವನ್ನು ರದ್ದುಪಡಿಸಿದಾಗ ಪೆಟ್ಟು ತಿಂದವುಗಳಲ್ಲಿ ಊರ ಗ್ರಂಥಾಲಯದ ಓದುಕೂಟಗಳೂ ಇದ್ದವು.

ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವನ್ನು ನಮ್ಮನ್ನಾಳುವವರು ಒಮ್ಮೆ ಓದಿಸಿ ಕೇಳಬೇಕು. ವೇದ, ವ್ಯಾಕರಣ, ದರ್ಶನ, ಪುರಾಣ, ನಾಟಕಗಳ ವ್ಯಾಸಂಗ ಅಲ್ಲಿ ನಡೆಯುತ್ತಿತ್ತೆಂದೂ, ದೀನರಿಗೆ, ಅಂಧರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿಯೇ ದೊರೆಯುತ್ತಿತ್ತೆಂದೂ ಅದು ವರ್ಣಿಸುತ್ತದೆ. ಅನ್ನ ಮೊದಲೋ ವಿದ್ಯೆ ಮೊದಲೋ ಎಂಬ ಜಗಳವೇ ಅಲ್ಲಿ ಕಾಣದು. ಅಂದಿನ ಅರಸರು ಇಂಥ ಸ್ಥಳಗಳಿಗೆ ಭೂಮಿಯನ್ನೇ ದತ್ತಿ ಬಿಡುತ್ತಿದ್ದರು. ವಿದ್ವಾಂಸರು ವರ್ಷವರ್ಷವೂ ಅರ್ಜಿ ಹಿಡಿದು ನಿಲ್ಲಬೇಕಿರಲಿಲ್ಲ. ಈಗಿನ ಸರಕಾರಗಳೂ ಶಾಶ್ವತ ನಿಧಿಯೊಂದನ್ನಿಟ್ಟು ಅದರ ಬಡ್ಡಿಯಿಂದ ಈ ಕೆಲಸ ನಡೆಯುವಂತೆ ಮಾಡಬೇಕೆಂದು ನಾವು ಒತ್ತಾಯಿಸುತ್ತೇವೆ.

ಇದು ಪಂಡಿತರ ಚಿಂತೆ, ನಮಗೇಕೆ ಎಂದು ಕೆಲವು ಕಥೋಲಿಕ ಕುಟುಂಬಗಳು ಕೇಳಬಹುದು. ನಮ್ಮ ಮಕ್ಕಳಿಗೆ ನಾವು ಕೊಡಿಸುವುದು ದೀಕ್ಷಾಸ್ನಾನ. ಬಲಿಪೂಜೆಯಲ್ಲಿ ಸ್ವೀಕರಿಸುವುದು ಪರಮಪ್ರಸಾದ. ದೀಕ್ಷೆ, ಪ್ರಸಾದ ಎಂಬ ಮಾತುಗಳು ಹಡಗಿನಲ್ಲಿ ಬಂದವಲ್ಲ. ಶರಣರೂ ಅವರಿಗಿಂತ ಹಿಂದಿನವರೂ ಬಳಸಿ ಹದಗೊಳಿಸಿದ ಮಾತುಗಳವು. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜಾವಿಧಿ ಲತೀನಿನಿಂದ ಕನ್ನಡಕ್ಕೆ ಬಂದಾಗ ಅವು ಈ ನೆಲದಲ್ಲಿ ಸಿದ್ಧವಾಗಿದ್ದವು. ಅಕ್ಕನನ್ನು ಓದುವವರು ಇಲ್ಲವಾದರೆ ನಮ್ಮ ಪ್ರಾರ್ಥನೆಯ ಭಾಷೆಯೂ ಬಡವಾಗುತ್ತದೆ. ಸಾಗರದ ನಾ. ಡಿಸೋಜ ಅವರನ್ನು 2014ರಲ್ಲಿ ಮಡಿಕೇರಿ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕಂಡು ನಾವೆಲ್ಲ ಹಿಗ್ಗಿದೆವು. 2025ರ ಜನವರಿಯಲ್ಲಿ ಅವರು ನಮ್ಮನ್ನಗಲಿದರು. ಅವರ ಪುಸ್ತಕಗಳು ನಮ್ಮ ಎಷ್ಟು ಮನೆಗಳಲ್ಲಿವೆ?

ಸರಕಾರವನ್ನು ದೂರುವಾಗ ನಮ್ಮ ಲೆಕ್ಕಪುಸ್ತಕವನ್ನೂ ತೆರೆದಿಡೋಣ. ವಾರ್ಷಿಕ ಹಬ್ಬದ ದೀಪಾಲಂಕಾರಕ್ಕೆ, ಬ್ಯಾಂಡಿಗೆ ಕಾಣಿಕೆ ಕೂಡಿಬರುತ್ತದೆ. ಧರ್ಮಕೇಂದ್ರದ ವಾಚನಾಲಯಕ್ಕೆ ನಾಲ್ಕು ಪುಸ್ತಕ ಕೊಳ್ಳುವ ಮಾತು ಬಂದರೆ ಮುಂದಿನ ವರ್ಷ ನೋಡೋಣ ಎನ್ನುತ್ತೇವೆ. ಕತ್ತರಿ ನಮ್ಮ ಕೈಯಲ್ಲೂ ಇದೆ! ಮದುವೆಗಳಿಲ್ಲದ ದಿನಗಳಲ್ಲಿ ನಮ್ಮ ಸಭಾಂಗಣಗಳಿಗೆ ಬೀಗ. ಶಿಕಾರಿಪುರ, ಸೊರಬದ ಕಡೆಯ ಸಾಹಿತ್ಯಾಸಕ್ತರಿಗೆ, ಅವರು ಯಾವ ಮತದವರೇ ಆಗಿರಲಿ, ತಿಂಗಳಿಗೊಂದು ಸಂಜೆ ಇಂಥ ಸಭಾಂಗಣವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಡಲು ಯಾವ ಅನುದಾನವೂ ಬೇಡ. ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ತಮ್ಮ ಮುಂದಿನ ಸಭೆಯಲ್ಲಿ ಇದನ್ನು ಎತ್ತಿಕೊಳ್ಳಲಿ. ಕುರ್ಚಿಗಳಿವೆ, ದೀಪವಿದೆ, ಚಹಾದ ಖರ್ಚನ್ನು ತಿಂಗಳಿಗೊಂದು ಕುಟುಂಬ ಹೊತ್ತೀತು.