ಮಾಹಿತಿ ಸಿಕ್ಕಿತು, ಮೂಲ ಎಲ್ಲಿ?

ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಮನೆಯಲ್ಲಿ ಒಂದು ಸಣ್ಣ ಮತದಾನ ನಡೆಯಿತು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳಿಗೆ ಎಂಜಿನಿಯರುಗಳ ದಿನಾಚರಣೆಯ ನಿಮಿತ್ತ ಸರ್ ಎಂ. ವಿಶ್ವೇಶ್ವರಯ್ಯನವರ ಕುರಿತು ಪ್ರಾಜೆಕ್ಟ್ ಬರೆದು ತರುವಂತೆ ಶಾಲೆಯಲ್ಲಿ ಹೇಳಿದ್ದರು. ಅಂತರ್ಜಾಲದಲ್ಲಿ ಹುಡುಕಿದಾಗ ಅವರು ಹುಟ್ಟಿದ ವರ್ಷ ಕೆಲವು ಪುಟಗಳಲ್ಲಿ 1860 ಎಂದೂ ಮತ್ತೆ ಕೆಲವು ಪುಟಗಳಲ್ಲಿ 1861 ಎಂದೂ ಕಂಡುಬಂತು. ಆಕೆ ಹತ್ತು ಪುಟಗಳನ್ನು ತೆರೆದು ಲೆಕ್ಕ ಹಾಕಿದಳು. ಏಳು ಪುಟಗಳು 1861ರ ಪರ, ಮೂರು 1860ರ ಪರ. "ಬಹುಮತ ಬಂತು ತಾತ, 1861 ಅಂತಾನೇ ಬರೀತೀನಿ" ಎಂದಳು.

ನಾನು ಆ ಏಳು ಪುಟಗಳನ್ನು ಒಂದೊಂದಾಗಿ ಓದಿದೆ. ಐದರಲ್ಲಿ ವಾಕ್ಯಗಳು ಮಾತ್ರವಲ್ಲ, ಕಾಗುಣಿತದ ತಪ್ಪುಗಳೂ ಒಂದೇ ಆಗಿದ್ದವು. ಒಬ್ಬರು ಬರೆದದ್ದನ್ನು ನಾಲ್ವರು ನಕಲು ಮಾಡಿದ್ದರು. ಮೊಮ್ಮಗಳು ಎಣಿಸಿದ್ದು ಪುಟಗಳನ್ನೇ ಹೊರತು ಸಾಕ್ಷಿಗಳನ್ನಲ್ಲ. ಅವಳ ಉತ್ತರ ಸರಿಯೇ ತಪ್ಪೇ ಎಂಬುದಕ್ಕಿಂತ, ಆ ಉತ್ತರವನ್ನು ಆಕೆ ತಲುಪಿದ ದಾರಿ ನನ್ನನ್ನು ಚಿಂತೆಗೆ ಹಚ್ಚಿತು.

ಈ ಚಿಂತೆಗೆ ನನ್ನದೇ ಆದ ಒಂದು ಕಾರಣವಿದೆ. ಸೇವೆಗೆ ಸೇರಿದ ಹೊಸತರಲ್ಲಿ, ಎಂಬತ್ತರ ದಶಕದ ಒಂದು ಬರಗಾಲದಲ್ಲಿ, ಟ್ಯಾಂಕರ್ ನೀರು ಬೇಕಾದ ಊರುಗಳ ಪಟ್ಟಿ ಸಿದ್ಧಪಡಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಕಡತದಲ್ಲಿದ್ದ ನಾಲ್ಕು ವರದಿಗಳೂ ಒಂದು ಊರಿನಲ್ಲಿ ಸುಸ್ಥಿತಿಯಲ್ಲಿರುವ ಕೊಳವೆ ಬಾವಿಗಳು ಆರು ಎಂದು ಹೇಳುತ್ತಿದ್ದವು. ನಾಲ್ಕು ವರದಿಗಳು ಒಂದೇ ಮಾತು ಹೇಳುವಾಗ ಅನುಮಾನಕ್ಕೆ ಎಡೆಯೆಲ್ಲಿ? ಆ ಊರನ್ನು ಪಟ್ಟಿಯಿಂದ ಕೈಬಿಟ್ಟು ಸಹಿ ಹಾಕಿದೆ. ಹತ್ತು ದಿನಗಳ ನಂತರ ಆ ಊರಿನ ಹೆಂಗಸರು ಖಾಲಿ ಕೊಡಗಳನ್ನು ಹಿಡಿದು ಕಚೇರಿಯ ಮುಂದೆ ಬಂದು ನಿಂತರು. ಆರು ಬಾವಿಗಳ ಪೈಕಿ ಐದು ಬತ್ತಿ ವರ್ಷಗಳೇ ಕಳೆದಿದ್ದವು. ಯಾರೋ ಒಬ್ಬರು ಬಹಳ ಹಿಂದೆ ಊರಿಗೆ ಹೋಗಿ ಎಣಿಸಿದ ಸಂಖ್ಯೆಯನ್ನು ನಂತರದವರು ವರ್ಷ ವರ್ಷವೂ ಮೇಜಿನ ಮುಂದೆ ಕುಳಿತೇ ನಕಲು ಮಾಡಿದ್ದರು. ನಾಲ್ಕು ವರದಿಗಳಿದ್ದವು, ಊರು ಕಂಡವರು ಒಬ್ಬರೇ. ಆ ತಪ್ಪು ನನ್ನದು. ಅಂದಿನಿಂದ ನಿವೃತ್ತಿಯವರೆಗೂ ಯಾವುದೇ ಅಂಕಿಸಂಖ್ಯೆ ನನ್ನ ಮೇಜಿಗೆ ಬಂದರೂ ಮೂರು ಪ್ರಶ್ನೆಗಳನ್ನು ಕೇಳುವುದು ಅಭ್ಯಾಸವಾಯಿತು. ಹೇಳಿದವರು ಯಾರು? ಯಾವಾಗ ಹೇಳಿದರು? ಯಾವ ಆಧಾರದ ಮೇಲೆ ಹೇಳಿದರು?

ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲು ಅಂಥ ಸಾವಿರಾರು ಕಡತಗಳನ್ನು ಕ್ಷಣಾರ್ಧದಲ್ಲಿ ತೆರೆದಿಡುತ್ತದೆ. ಈ ಮೂರು ಪ್ರಶ್ನೆಗಳನ್ನು ಮಾತ್ರ ಯಾರೂ ಅವರಿಗೆ ಕಲಿಸಿದಂತಿಲ್ಲ. ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ "ಆಕರ: ಗೂಗಲ್" ಎಂದು ಬರೆಯುವುದು ಸಾಮಾನ್ಯವಾಗಿದೆ. ಇದು ಪತ್ರ ಬರೆದವರು ಯಾರು ಎಂದು ಕೇಳಿದರೆ ಅಂಚೆಯವನ ಹೆಸರು ಹೇಳಿದಂತೆ. ಗೂಗಲ್ ಪುಟಗಳನ್ನು ಹುಡುಕಿ ಕೊಡುತ್ತದೆ. ಅವುಗಳಲ್ಲಿರುವ ಮಾತಿಗೆ ಅದು ಜಾಮೀನಲ್ಲ. ಪಟ್ಟಿಯಲ್ಲಿ ಮೊದಲು ಕಾಣಿಸಿಕೊಂಡ ಪುಟ ಹಣ ತೆತ್ತ ಜಾಹೀರಾತೂ ಆಗಿರಬಹುದು.

ಮೊದಲನೆಯ ಪ್ರಶ್ನೆಯನ್ನು, ಅಂದರೆ ಹೇಳಿದವರು ಯಾರು ಎಂಬುದನ್ನು ನೋಡೋಣ. ಜಾಲತಾಣದ ವಿಳಾಸವೇ ಇಲ್ಲಿ ಸ್ವಲ್ಪ ನೆರವಾಗುತ್ತದೆ. 'ಡಾಟ್ ಜಿಒವಿ ಡಾಟ್ ಇನ್' ಎಂಬುದು ಸರ್ಕಾರಿ ಸಂಸ್ಥೆಗಳಿಗೂ 'ಡಾಟ್ ಎಸಿ ಡಾಟ್ ಇನ್' ಎಂಬುದು ಶಿಕ್ಷಣ ಸಂಸ್ಥೆಗಳಿಗೂ ಮೀಸಲು. ಆದರೆ 'ಡಾಟ್ ಆರ್ಗ್' ಎಂಬ ವಿಳಾಸವನ್ನು ಯಾರು ಬೇಕಾದರೂ ಪಡೆಯಬಹುದು; ಅದು ಸೇವಾಸಂಸ್ಥೆಯ ಗುರುತು ಎಂದು ನಂಬಿ ಮೋಸಹೋಗುವವರು ಬಹಳ. ಈ ವಿಷಯದಲ್ಲಿ ದೊಡ್ಡ ವಿದ್ವಾಂಸರೂ ಎಡವುತ್ತಾರೆ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಹೊರತಂದ ಅಧ್ಯಯನವೊಂದರಲ್ಲಿ 10 ಮಂದಿ ಇತಿಹಾಸತಜ್ಞರು, 25 ಮಂದಿ ಕಾಲೇಜು ವಿದ್ಯಾರ್ಥಿಗಳು ಮತ್ತು ಪತ್ರಿಕಾರಂಗದ 10 ಮಂದಿ ಸತ್ಯಶೋಧಕರಿಗೆ ಕೆಲವು ಜಾಲತಾಣಗಳನ್ನು ಕೊಟ್ಟು ಪರೀಕ್ಷಿಸುವಂತೆ ಹೇಳಲಾಯಿತು. ಇತಿಹಾಸತಜ್ಞರಲ್ಲಿ ಹಲವರು ಮತ್ತು ವಿದ್ಯಾರ್ಥಿಗಳು ಕೊಟ್ಟ ಪುಟವನ್ನೇ ಮೇಲಿನಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿದರು. ಲಾಂಛನ, ವಿಳಾಸ, ಅಚ್ಚುಕಟ್ಟುತನ ಕಂಡು ಮರುಳಾದರು. ಸತ್ಯಶೋಧಕರಾದರೋ ಪುಟವನ್ನು ಓದುವ ಮೊದಲೇ ಅದರಿಂದ ಹೊರಬಂದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು. ಕಡಿಮೆ ಸಮಯದಲ್ಲಿ ಹೆಚ್ಚು ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ.

ಇದರಲ್ಲಿ ಹೊಸದೇನಿದೆ? ಹೆಣ್ಣು ಕೊಡುವ ಮೊದಲು ವರನ ಮನೆಯವರ ಮಾತನ್ನಷ್ಟೇ ಕೇಳಿ ಯಾರೂ ಮುಹೂರ್ತ ಇಡುವುದಿಲ್ಲ, ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ಮನೆಯ ವ್ಯವಹಾರದಲ್ಲಿ ನಮಗಿರುವ ಈ ಎಚ್ಚರವನ್ನು ಮಕ್ಕಳ ಓದಿಗೂ ತರಬೇಕಾಗಿದೆ.

ಎರಡನೆಯ ಪ್ರಶ್ನೆ ಕಾಲದ್ದು. ಕರ್ನಾಟಕದಲ್ಲಿ 30 ಜಿಲ್ಲೆಗಳಿವೆ ಎಂದು ಹೇಳುವ ಪುಟ ಸುಳ್ಳನ್ನೇನೂ ಬರೆದದ್ದಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಸಂಖ್ಯೆ 31ಕ್ಕೆ ಏರುವ ಮುನ್ನ ಬರೆದದ್ದು, ಅಷ್ಟೆ. ಜನಗಣತಿಯ ಉದಾಹರಣೆ ಇನ್ನಷ್ಟು ಬೋಧಪ್ರದ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6,11,30,704 ಎಂದು ಕೆಲವು ಪುಟಗಳಲ್ಲೂ 6,10,95,297 ಎಂದು ಮತ್ತೆ ಕೆಲವು ಪುಟಗಳಲ್ಲೂ ಇದೆ. ಸಾಕ್ಷರತೆ ಒಂದೆಡೆ ಶೇ 75.60, ಇನ್ನೊಂದೆಡೆ ಶೇ 75.36. ಎರಡೂ ಸರ್ಕಾರಿ ಅಂಕಿಗಳೇ. ಮೊದಲನೆಯದು ಎಣಿಕೆ ಮುಗಿದ ಬೆನ್ನಿಗೇ ಹೊರಬಂದ ತಾತ್ಕಾಲಿಕ ಲೆಕ್ಕ. ಎರಡನೆಯದು ಪರಿಶೀಲನೆಯ ನಂತರದ ಅಂತಿಮ ಲೆಕ್ಕ. ಜನಸಂಖ್ಯೆಯಲ್ಲಿ ಇವುಗಳ ನಡುವಿನ ಅಂತರ 35,407. ಒಂದು ಪಟ್ಟಣದಷ್ಟು ಜನ. ಮಗು ಇವುಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿಕೊಂಡರೆ ಕಲಿತದ್ದು ಏನೂ ಇಲ್ಲ. ಏಕೆ ಎರಡು ಲೆಕ್ಕಗಳಿವೆ ಎಂದು ಕೇಳಿದರೆ ಜನಗಣತಿ ನಡೆಯುವ ಕ್ರಮವೇ ಅದಕ್ಕೆ ತಿಳಿಯುತ್ತದೆ. 2021ರಲ್ಲಿ ಆಗಬೇಕಿದ್ದ ಎಣಿಕೆ ಆಗ ನಡೆಯಲಿಲ್ಲ. ಆದುದರಿಂದ 2022ರ ರಾಜ್ಯದ ಜನಸಂಖ್ಯೆಯನ್ನು ಬಿಡಿ ಸ್ಥಾನದವರೆಗೂ ಬರೆದಿರುವ ಪುಟ ಕಂಡರೆ, ಅದು ಅಂದಾಜನ್ನು ಎಣಿಕೆಯ ವೇಷದಲ್ಲಿ ತೋರಿಸುತ್ತಿದೆ ಎಂದು ತಿಳಿಯಬೇಕು.

ಮೂರನೆಯದು ಆಧಾರದ ಪ್ರಶ್ನೆ. ವಿಶ್ವೇಶ್ವರಯ್ಯನವರು ರಾತ್ರಿಯ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ ಸದ್ದಿನ ವ್ಯತ್ಯಾಸದಿಂದಲೇ ಹಳಿ ಕೆಟ್ಟಿರುವುದನ್ನು ಗ್ರಹಿಸಿ ಸರಪಳಿ ಎಳೆದರೆಂಬ ಕಥೆ ಮೊಮ್ಮಗಳು ತೆರೆದ ಬಹುತೇಕ ಪುಟಗಳಲ್ಲಿತ್ತು. ಯಾವ ವರ್ಷ, ಯಾವ ರೈಲು, ಯಾವ ನಿಲ್ದಾಣದ ಬಳಿ, ಕಂಡು ಬರೆದಿಟ್ಟವರು ಯಾರು ಎಂಬುದು ಒಂದರಲ್ಲೂ ಇರಲಿಲ್ಲ. ಕೃಷ್ಣರಾಜಸಾಗರವನ್ನು ಅವರು ದಿವಾನರಾಗಿದ್ದಾಗಲೇ ಕಟ್ಟಿ ಮುಗಿಸಿದರು ಎಂದು ಒಂದು ಪುಟ ಬರೆದಿತ್ತು. ಕೆಲಸ ಆರಂಭವಾದದ್ದು 1911ರಲ್ಲಿ. ಅವರು ದಿವಾನರಾದದ್ದು 1912ರಲ್ಲಿ, ಆ ಪದವಿ ಬಿಟ್ಟದ್ದು 1918ರಲ್ಲಿ. ಅಣೆಕಟ್ಟೆ ಪೂರ್ಣಗೊಂಡದ್ದು ಮೂವತ್ತರ ದಶಕದ ಆರಂಭದಲ್ಲಿ. ಈ ವರ್ಷಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ಸಾಕು, ಎಂಟನೆಯ ತರಗತಿಯ ಮಗುವಿಗೂ ತಪ್ಪು ಕಾಣುತ್ತದೆ. ಆ ಮಹನೀಯರ ಹಿರಿಮೆ ಇದರಿಂದ ಎಳ್ಳಷ್ಟೂ ಕುಂದುವುದಿಲ್ಲ. ಅವರದೇ ಆತ್ಮವೃತ್ತಾಂತ 'ಮೆಮೊಯಿರ್ಸ್ ಆಫ್ ಮೈ ವರ್ಕಿಂಗ್ ಲೈಫ್' 1951ರಲ್ಲಿ ಪ್ರಕಟವಾಗಿದೆ. ಅವರ ಬಗ್ಗೆ ಬರೆಯುವವರು ಮೊದಲು ನೋಡಬೇಕಾದದ್ದು ಅದನ್ನು.

ವಿಕಿಪೀಡಿಯವನ್ನು ನೋಡಲೇಬಾರದೆಂದು ಕೆಲವು ಶಿಕ್ಷಕರು ಕಟ್ಟಪ್ಪಣೆ ಮಾಡುವುದುಂಟು. 2001ರಲ್ಲಿ ಆರಂಭವಾದ ಈ ವಿಶ್ವಕೋಶವನ್ನು ಯಾರು ಬೇಕಾದರೂ ತಿದ್ದಬಹುದು ಎಂಬುದು ನಿಜ. ಆದರೆ ಯಾರು, ಯಾವ ದಿನ, ಏನು ತಿದ್ದಿದರು ಎಂಬ ಇತಿಹಾಸ ಅಲ್ಲಿ ಪ್ರತಿ ಲೇಖನದ ಜೊತೆಗೂ ತೆರೆದಿರುತ್ತದೆ. ಲೇಖನದ ಕೆಳಗೆ ಆಕರಗಳ ಪಟ್ಟಿ ಇರುತ್ತದೆ. ಅದನ್ನು ನಿಷೇಧಿಸುವ ಬದಲು, ಅಲ್ಲಿಂದ ಹೊರಟು ಆಕರದವರೆಗೆ ಹೋಗಿಬರುವುದನ್ನು ಕಲಿಸುವುದು ಲೇಸು.

ಇದಕ್ಕಿಂತ ಕಠಿಣವಾದ ಸವಾಲು ಈಗ ಎದುರಾಗಿದೆ. ಕೃತಕ ಬುದ್ಧಿಮತ್ತೆಯ ಯಂತ್ರ ಪುಟಗಳನ್ನು ತೋರಿಸುವ ಗೋಜಿಗೇ ಹೋಗದೆ ನೇರವಾಗಿ ಉತ್ತರವನ್ನು ಬರೆದುಕೊಡಬಲ್ಲದು. ಭಾಷೆ ನಿರರ್ಗಳ, ಧಾಟಿ ದೃಢ. ಆದರೆ ಇಲ್ಲದ ಪುಸ್ತಕವನ್ನೂ ಇದೆಯೆಂದು ಹೇಳಬಲ್ಲದು. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಸೃಷ್ಟಿಸಿದ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ಉಲ್ಲೇಖಿಸಿ ಫೆಡರಲ್ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ, 5,000 ಡಾಲರ್ ದಂಡಕ್ಕೆ ಗುರಿಯಾದರು. ಕಾನೂನು ಓದಿದವರ ಪಾಡೇ ಹೀಗಾದರೆ ಹದಿಮೂರರ ಮಕ್ಕಳ ಗತಿಯೇನು?

ನಮ್ಮ ದೊಡ್ಡವರೂ ಈ ವಿಷಯದಲ್ಲಿ ಮಾದರಿಗಳಾಗಿಲ್ಲ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನ ಶ್ರೇಷ್ಠ ರಾಷ್ಟ್ರಗೀತೆಯೆಂದು ಘೋಷಿಸಿದೆ ಎಂಬ ಸುಳ್ಳನ್ನು ಮೊದಲು ಇ-ಮೇಲಿನಲ್ಲಿ, ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದವರು ಮಕ್ಕಳಲ್ಲ, ಪದವೀಧರರು. 2016ರ ನವೆಂಬರ್‌ನಲ್ಲಿ ಎರಡು ಸಾವಿರ ರೂಪಾಯಿಯ ನೋಟಿನಲ್ಲಿ ಚಿಪ್ ಇದೆ ಎಂಬ ವದಂತಿಯನ್ನು ಗಂಭೀರವಾಗಿ ಚರ್ಚಿಸಿದವರೂ ನಾವೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯ ನಾಡಿನಲ್ಲಿ ಕಾಣದ್ದನ್ನೂ ಪ್ರಮಾಣಿಸದೆ ನಂಬುತ್ತಿದ್ದೇವೆ.

ಹಾಗಾದರೆ ಶಾಲೆಗಳು ಮಾಡಬೇಕಾದದ್ದೇನು? ಹೊಸ ಪಠ್ಯಪುಸ್ತಕ ಬೇಡ, ಹೊಸ ಅವಧಿಯೂ ಬೇಡ. ಐವತ್ತು ಮಕ್ಕಳ ತರಗತಿಯನ್ನೂ ಹತ್ತಾರು ದಾಖಲೆಗಳನ್ನೂ ನಿಭಾಯಿಸುವ ಶಿಕ್ಷಕರ ಮೇಲೆ ಇನ್ನೊಂದು ಹೊರೆ ಹೊರಿಸುವುದು ನ್ಯಾಯವಲ್ಲ. ಅರ್ಥಶಾಸ್ತ್ರ ಓದಿದವನಾಗಿ ನನಗೆ ತಿಳಿದಿರುವ ಒಂದು ಸರಳ ಸತ್ಯವೆಂದರೆ, ಯಾವುದಕ್ಕೆ ಪ್ರತಿಫಲವಿದೆಯೋ ಜನ ಅದನ್ನೇ ಮಾಡುತ್ತಾರೆ. ಈಗ ಹಲವೆಡೆ ಅಂಕ ಸಿಗುತ್ತಿರುವುದು ಬಣ್ಣದ ಮುದ್ರಣಕ್ಕೆ, ಪುಟಗಳ ಸಂಖ್ಯೆಗೆ, ಹೊದಿಕೆಗೆ. ಇಪ್ಪತ್ತು ಅಂಕಗಳ ಪ್ರಾಜೆಕ್ಟಿನಲ್ಲಿ ಐದನ್ನು ಆಕರಕ್ಕೆ ಮೀಸಲಿಡಲಿ. ಪುಟಗಳ ಮಿತಿಯನ್ನು ನಾಲ್ಕಕ್ಕೆ ಇಳಿಸಲಿ. ಶಿಕ್ಷಕರಿಗೆ ಓದುವ ಸಮಯ ಉಳಿಯುತ್ತದೆ. ಮುಖ್ಯವಾದ ಮೂರು ಸಂಗತಿಗಳಿಗೆ ಹೇಳಿದವರು ಯಾರು, ಯಾವಾಗ, ಯಾವ ಆಧಾರದಿಂದ ಎಂದು ಮಗು ಕೈಯಲ್ಲೇ ಬರೆಯಲಿ. ಮೂರರಲ್ಲಿ ಒಂದಾದರೂ ಆಕರ ಅಂತರ್ಜಾಲದ ಹೊರಗಿನದಾಗಿರಲಿ: ಗ್ರಂಥಾಲಯದ ಪುಸ್ತಕ, ಗ್ಯಾಸೆಟಿಯರ್, ಪಂಚಾಯಿತಿ ಕಚೇರಿಯ ದಾಖಲೆ ಅಥವಾ ಊರಿನ ಹಿರಿಯರೊಬ್ಬರ ನೆನಪು. ಮೊಬೈಲು, ಪ್ರಿಂಟರು ಇಲ್ಲದ ಮನೆಯ ಮಗು ಈ ವಿಷಯದಲ್ಲಿ ಹಿಂದೆ ಬೀಳುವುದಿಲ್ಲ. ಕೆಲವೊಮ್ಮೆ ಮುಂದೆಯೇ ಇರುತ್ತದೆ.

ಎಲ್ಲವನ್ನೂ ಅನುಮಾನಿಸುವ ಮಕ್ಕಳನ್ನು ಬೆಳೆಸಬೇಕೇ ಎಂದು ಕೆಲವರು ಕೇಳಬಹುದು. ಎಲ್ಲವನ್ನೂ ಅನುಮಾನಿಸುವವನೂ ಎಲ್ಲವನ್ನೂ ನಂಬುವವನೂ ಸೋಮಾರಿಗಳೇ. ಇಬ್ಬರೂ ಪರೀಕ್ಷಿಸುವ ಶ್ರಮ ತೆಗೆದುಕೊಳ್ಳುವುದಿಲ್ಲ. ಮಕ್ಕಳಿಗೆ ಬೇಕಾದದ್ದು ಎಷ್ಟು ಆಧಾರವಿದೆಯೋ ಅಷ್ಟು ನಂಬುವ ಅಭ್ಯಾಸ.

ಮತ್ತೆ ಮೊಮ್ಮಗಳ ಪ್ರಾಜೆಕ್ಟಿಗೆ ಬರುತ್ತೇನೆ. ವಿಶ್ವೇಶ್ವರಯ್ಯನವರ ಜನ್ಮಶತಾಬ್ದಿಯ ಅಂಚೆಚೀಟಿ ಅವರು ಬದುಕಿದ್ದಾಗಲೇ, 1960ರಲ್ಲಿ ಹೊರಬಂದದ್ದನ್ನು ಅವಳಿಗೆ ತೋರಿಸಿದೆ. ನೂರು ತುಂಬಿದ್ದನ್ನು ಆಚರಿಸಿದರೋ, ನೂರಕ್ಕೆ ಕಾಲಿಟ್ಟದ್ದನ್ನು ಆಚರಿಸಿದರೋ ಎಂದು ಅವಳೇ ಕೇಳಿದಳು. ಕೊನೆಗೆ, "ಜನನ 15 ಸೆಪ್ಟೆಂಬರ್ 1861, ಕೆಲವು ಆಕರಗಳಲ್ಲಿ 1860 ಎಂದಿದೆ, ಶತಾಬ್ದಿಯ ಅಂಚೆಚೀಟಿ 1960ರಲ್ಲಿ ಬಂದಿದೆ" ಎಂದು ಬರೆದಳು. ಪ್ರಾಜೆಕ್ಟ್ ಹಿಂದಿರುಗಿ ಬಂದಾಗ ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಒಂದೇ ಉತ್ತರ ಬರೆಯಬೇಕು" ಎಂದಿತ್ತು. ಒಂದು ಅಂಕ ಹೋಗಿತ್ತು.

"ಸುಮ್ಮನೆ ಒಂದೇ ವರ್ಷ ಬರೆದಿದ್ರೆ ಪೂರ್ತಿ ಮಾರ್ಕ್ಸ್ ಬರ್ತಿತ್ತಲ್ಲ ತಾತ?" ಎಂದು ಅವಳು ಕೇಳಿದಾಗ ನನ್ನಲ್ಲಿ ತಕ್ಷಣದ ಉತ್ತರವಿರಲಿಲ್ಲ. ಬರುತ್ತಿತ್ತು ಎಂಬುದೇ ನಿಜ. ಆ ನಿಜವನ್ನು ಬದಲಿಸುವ ಅಧಿಕಾರ ಮಕ್ಕಳ ಕೈಯಲ್ಲಿಲ್ಲ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು, ಅಂಕ ಹಂಚುವವರು ಮತ್ತು ಮನೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ನಮ್ಮ ಕೈಯಲ್ಲಿದೆ.