ಅಗ್ಗದ ಯೂರಿಯಾ, ಕುದಿಸಿದರೂ ಹೋಗದ ನೈಟ್ರೇಟ್

ಕೇಂದ್ರ ಅಂತರ್ಜಲ ಮಂಡಳಿಯ 2024ರ ಗುಣಮಟ್ಟ ವರದಿ ಒಂದೆರಡು ದಿನ ಸುದ್ದಿಯಾಯಿತು, ಆಮೇಲೆ ಮರೆತೇ ಹೋಯಿತು. ಅದರ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ನೀರಿನ ಮಾದರಿಗಳ ಪೈಕಿ ಶೇ. 48ರಲ್ಲಿ ನೈಟ್ರೇಟ್ ಮಿತಿ ಮೀರಿದೆ. ನಮಗಿಂತ ಮುಂದಿರುವುದು ಶೇ. 49ರ ರಾಜಸ್ಥಾನ ಮಾತ್ರ. ಮಿತಿ ಅಂದರೆ ಲೀಟರಿಗೆ 45 ಮಿಲಿಗ್ರಾಂ.

ಕೋಲಾರದಲ್ಲಿ ಫ್ಲೋರೈಡ್ ಅಂದರೆ ಎಲ್ಲರಿಗೂ ಗೊತ್ತು, ಹಲ್ಲಿನ ಮೇಲಿನ ಕಲೆ ಕಣ್ಣಿಗೆ ಕಾಣುತ್ತದೆ. ನೈಟ್ರೇಟ್‌ಗೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ಕುದಿಸಿದರೆ ಹೋಗುತ್ತದೆ ಅಂದುಕೊಂಡರೆ ಅದು ತಪ್ಪು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ನೈಟ್ರೇಟ್ ಗಟ್ಟಿಯಾಗುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಅದೇ ನೀರಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳಬಹುದು, ಮೈ ನೀಲಿಗಟ್ಟಬಹುದು.

ಇದು ಎಲ್ಲಿಂದ ಬಂತು? ತಿಪ್ಪೆ, ಶೌಚದ ಗುಂಡಿ, ಚರಂಡಿ ಎಲ್ಲದರ ಪಾಲೂ ಇದೆ. ಆದರೆ ಬೆಂಗಳೂರಿಗೆ ಸೊಪ್ಪು, ಟೊಮೆಟೊ, ಕೋಸು ಕಳಿಸುವ ಹೊಲಗಳಲ್ಲಿ ವರ್ಷಕ್ಕೆ ಎರಡು ಮೂರು ಬೆಳೆ, ಪ್ರತಿ ಬೆಳೆಗೂ ಯೂರಿಯಾ. ಗಿಡ ಹೀರಿಕೊಳ್ಳದೆ ಉಳಿದದ್ದು ಮಣ್ಣಲ್ಲಿ ನೈಟ್ರೇಟ್ ಆಗಿ, ನೀರಿನ ಜೊತೆ ಕೆಳಗಿಳಿಯುತ್ತದೆ.

ಇದಕ್ಕೆ ರೈತರನ್ನು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 45 ಕೆಜಿ ಯೂರಿಯಾ ಚೀಲ ಸುಮಾರು 266 ರೂಪಾಯಿಗೆ, 50 ಕೆಜಿ ಡಿಎಪಿ 1,350ಕ್ಕೆ ಸಿಗುವಾಗ ಕೈ ಯಾವುದರ ಕಡೆ ಹೋಗುತ್ತದೆ, ಹೇಳಿ? 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ತಂದಾಗ ಯೂರಿಯಾವನ್ನು ಹೊರಗಿಟ್ಟಿದ್ದು ದೆಹಲಿ, ನಮ್ಮ ಹೊಲದವರಲ್ಲ. ಬೆಲೆ ಏರಿಸಿದರೆ ಓಟು ಹೋಗುತ್ತದೆ ಎಂಬ ಭಯ ಯಾವ ಪಕ್ಷಕ್ಕೂ ಬಿಟ್ಟಿಲ್ಲ.

ಹೀಗಾಗಿ ಒಂದೇ ಬೊಕ್ಕಸ ಎರಡು ಸಲ ಖರ್ಚು ಮಾಡುತ್ತಿದೆ. ಮೊದಲು ಯೂರಿಯಾ ಸಬ್ಸಿಡಿಗೆ, ಆಮೇಲೆ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಕ್ಕೆ. ಘಟಕದ ಆರ್‌ಒ ನೈಟ್ರೇಟನ್ನು ಬೇರ್ಪಡಿಸುತ್ತದೆ, ನಿಜ. ಆದರೆ ಅದು ಹೊರಹಾಕುವ ಗಡಸು ನೀರು ಪಕ್ಕದ ಮೋರಿಗೆ ಹೋದರೆ, ಅದರೊಳಗಿನ ನೈಟ್ರೇಟೂ ಅಲ್ಲೇ ಇಂಗುತ್ತದೆ. ಘಟಕ ಕೆಟ್ಟ ದಿನ ಜನ ಮತ್ತೆ ಬೋರ್‌ವೆಲ್ ನೀರಿಗೇ ಕೊಡ ಹಿಡಿಯುತ್ತಾರೆ.

ಇನ್ನು ಕೆ.ಸಿ. ವ್ಯಾಲಿ. 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡನೇ ಹಂತದ ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ನೈಟ್ರೋಜನ್ ತೆಗೆಯಲೆಂದೇ ವ್ಯವಸ್ಥೆ ಮಾಡದಿದ್ದರೆ ಈ ಹಂತದಲ್ಲಿ ಅದು ಪೂರ್ತಿ ಹೋಗುವುದಿಲ್ಲ. ಕೆರೆ ತುಂಬಿದ್ದು ಒಳ್ಳೆಯದೇ, ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂತು. ಮೂರನೇ ಹಂತ ಬೇಕು ಅಂತ ಕೋಲಾರದವರು ಕೇಳಿದ್ದನ್ನು ಅಭಿವೃದ್ಧಿ ವಿರೋಧ ಅಂದದ್ದು ಮಾತ್ರ ಸರಿಯಲ್ಲ.

ಯೂರಿಯಾವನ್ನೂ ಪೋಷಕಾಂಶ ಸಬ್ಸಿಡಿಗೆ ತಂದು, ವ್ಯತ್ಯಾಸದ ಹಣವನ್ನು ಎಕರೆ ಲೆಕ್ಕದಲ್ಲಿ ನೇರ ರೈತರ ಖಾತೆಗೆ ಹಾಕಬೇಕು. ಅದಕ್ಕೆ ವರ್ಷಗಳು ಹಿಡಿಯಬಹುದು. ಅಲ್ಲಿವರೆಗೆ ಪ್ರತಿ ಕುಡಿಯುವ ನೀರಿನ ಬೋರ್‌ವೆಲ್‌ನ ನೈಟ್ರೇಟ್ ಅಂಕಿಯನ್ನು ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಪಂಚಾಯಿತಿ ಗೋಡೆಯ ಮೇಲೆ ಬರೆಸಲಿ. ಅಂಗನವಾಡಿ ಗೋಡೆಯ ಮೇಲೂ.