ಜಿಡ್ಡಿನ ತಲೆ, ಗಡುಸು ನೀರು
ನೆತ್ತಿಯ ಚರ್ಮದಲ್ಲಿರುವ ಗ್ರಂಥಿಗಳು ಸ್ರವಿಸುವ ಜಿಡ್ಡೇ ಕೂದಲನ್ನು ಅಂಟಾಗಿಸುತ್ತದೆ. ಹರೆಯದಲ್ಲಿ ಹಾರ್ಮೋನುಗಳಿಂದ ಅದು ಹೆಚ್ಚು. ಪದೇ ಪದೇ ತೊಳೆದರೆ ಜಿಡ್ಡು ಇನ್ನೂ ಹೆಚ್ಚುತ್ತದೆ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ವಾರಕ್ಕೊಮ್ಮೆ ಎರೆದುಕೊಳ್ಳುವ ರೂಢಿ ಒಣಗೂದಲಿಗೆ ಸಾಕು. ಜಿಡ್ಡಿನ ತಲೆಗೆ ದಿನ ಬಿಟ್ಟು ದಿನ, ಮುಂಡರಗಿ-ಶಿರಹಟ್ಟಿಯ ಬಿಸಿಲು ದೂಳಿನಲ್ಲಿ ದುಡಿಯುವವರಿಗೆ ದಿನವೂ ಬೇಕಾದೀತು. ಗದಗ-ಬೆಟಗೇರಿಯಲ್ಲಿ ತುಂಗಭದ್ರೆಯ ನಳದ ನೀರು ತಡವಾದರೆ ಬೋರಿನ ಗಡುಸು ನೀರೇ ಗತಿ. ಅದರಲ್ಲಿ ಸೋಪು ನೊರೆ ಬಿಡದೆ, ಕ್ಯಾಲ್ಸಿಯಂ ಜತೆ ಸೇರಿ ಬಿಳಿ ಕಿಟ್ಟವಾಗಿ ಕೂದಲಿಗೆ ಕೂರುತ್ತದೆ. ಆಗ ತೊಳೆದ ತಲೆಯೂ ಜಿಡ್ಡೆನಿಸುತ್ತದೆ. ಶಾಂಪೂ, ಸೀಗೆಕಾಯಿ, ಅಂಟವಾಳಕ್ಕೆ ಈ ತೊಡಕು ಕಡಿಮೆ. ನೊರೆಯನ್ನು ತಿಕ್ಕಬೇಕಾದದ್ದು ನೆತ್ತಿಗೆ, ಕೂದಲ ತುದಿಗಲ್ಲ. ತಲೆಹೊಟ್ಟಿದ್ದವರು (ಅಜ್ಜಿಯರು ಒಪ್ಪಲಿಕ್ಕಿಲ್ಲ) ಎಣ್ಣೆ ಹಚ್ಚುವುದನ್ನು ಬಿಡುವುದೇ ಒಳ್ಳೆಯದು: ಹೊಟ್ಟಿಗೆ ಕಾರಣವಾಗುವ ಮಲಾಸೆಜಿಯಾ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ.